ಓರ್ಬಿಝ್ ದುರ್ಗಭಂಜನವೂ ದಾವಲಸಾಬರ ಪೇಪರೂ

ಕಿವಿಗೊಡಿ, ಸಹೃದಯರೇ. ಕೃತಯುಗದಲ್ಲಿ ತಪಸ್ಸಿಗೂ ತ್ರೇತೆಯಲ್ಲಿ ಬಿಲ್ಲಿಗೂ ದ್ವಾಪರದಲ್ಲಿ ಗದೆಗೂ ಸಲ್ಲುತ್ತಿದ್ದ ಮರ್ಯಾದೆಯು ಇಳಿದಿಳಿದು ಕಡೆಗೆ ಪಾಸ್‌ವರ್ಡಿಗೆ ಸಲ್ಲುವಂತಾದ ಈ ಕಲಿಯುಗದಲ್ಲಿ, ಕೊಂಡವನ ಮೇಜಿನ ಮೇಲೆ ಕೂತು ಕೊಂಡವನದೇ ಕರೆಂಟು ಕುಡಿಯುತ್ತ ಮಾರಿದವನ ಮಾತನ್ನು ಮಾತ್ರ ಕೇಳುವ ಯಂತ್ರಗಳು ಲೋಕವನ್ನೆಲ್ಲ ತುಂಬಿರುವ ಈ ಕಾಲದಲ್ಲಿ, ಗದಗ ಪಟ್ಟಣದ ಮುಳಗುಂದ ನಾಕೆಯ ಬಳಿ ಜ್ಞಾನಜ್ಯೋತಿ ವಾಚನಾಲಯವೆಂಬ ಪುಣ್ಯಭೂಮಿಯಲ್ಲಿ ನಡೆದ ಘೋರಸಂಗ್ರಾಮವನ್ನು ಹೇಳುತ್ತೇನೆ. ಆ ಯುದ್ಧದಲ್ಲಿ ರಕ್ತ ಹರಿಯಲಿಲ್ಲ. ಚಹಾ ಮಾತ್ರ ಬಹಳ ಹರಿಯಿತು.

ಹೇ ವಾಗ್ದೇವಿ, ವೀಣಾಪುಸ್ತಕಧಾರಿಣಿ, ನಿನ್ನ ಪುಸ್ತಕವು ಯಾವ ಕಂಪನಿಯ ಅಪ್ಪಣೆಯನ್ನೂ ಕಾಯದೆ ತೆರೆದುಕೊಳ್ಳುತ್ತದೆ. ನಿನ್ನ ವೀಣೆಗೆ ವಾರಂಟಿಯ ಹಂಗಿಲ್ಲ. ಆದ್ದರಿಂದ ನಿನ್ನನ್ನೇ ನಂಬಿ ಆರಂಭಿಸುತ್ತೇನೆ. ನನ್ನ ನಾಲಿಗೆಯ ಮೇಲೆ ನೆಲಸು. ನಡುನಡುವೆ ನನಗೆ ನಗು ಬಾರದಂತೆ ನೋಡಿಕೋ.

ಈ ಕಥೆಯ ನಾಯಕನು ಯಾರೆಂದರೆ, ಮುಕ್ತತಂತ್ರಾಂಶಧ್ವಜಧಾರಿ, ಪರಾಧೀನಯಂತ್ರವಿಮೋಚನಬದ್ಧಕಂಕಣ, ಪೆನ್‌ಡ್ರೈವ್‌ಪಾಣಿ ಚಿದಾನಂದಯ್ಯ ಕಂಬಾಳಿಮಠ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವುದು ಆತನ ವೃತ್ತಿ. ಲೋಕದ ನಾನಾ ಮೂಲೆಗಳ ಪುಣ್ಯಾತ್ಮರು ಕೂಡಿ ಕಟ್ಟಿ, ಬೇಕಾದವರು ಬಳಸಿರೆಂದು ಬಿಟ್ಟುಕೊಟ್ಟ ಲಿನಕ್ಸ್ ಎಂಬ ವ್ಯವಸ್ಥೆಯನ್ನು ಕಂಡಕಂಡವರ ಕಂಪ್ಯೂಟರಿಗೆ ಹಾಕುವುದು ಆತನ ವ್ರತ. ಮದುವೆಗೆ ಕರೆದರೆ ಅಕ್ಷತೆ ಹಾಕುವ ಮೊದಲು ಆ ಮನೆಯ ಕಂಪ್ಯೂಟರ್ ಎಲ್ಲಿದೆ ಎಂದು ಕೇಳುತ್ತಿದ್ದ. ಹೀಗಾಗಿ ಈಚೆಗೆ ಆತನನ್ನು ಮದುವೆಗೆ ಕರೆಯುವವರು ಕಡಿಮೆಯಾಗಿದ್ದರು.

ಪ್ರತಿನಾಯಕನು ಇಟಗಿ ಕಂಪ್ಯೂಟರ್ಸ್ ಎಂಬ ಅಂಗಡಿಯ ಒಡೆಯ, ಕಂಪ್ಯೂಟರ್ ತಯಾರಿಸುವ ಓರ್ಬಿಝ್‌ಮಹಾಸಂಸ್ಥಾನದ ಜಿಲ್ಲಾಸಾಮಂತ, ನೂತನಯಂತ್ರವಿಕ್ರಯದೀಕ್ಷಿತ ಮಹಾರುದ್ರಪ್ಪ ಇಟಗಿ. ಹಳೆಯದೆಂಬ ಶಬ್ದ ಕಿವಿಗೆ ಬಿದ್ದರೆ ಆತನಿಗೆ ಅನ್ನ ಸೇರುತ್ತಿರಲಿಲ್ಲ. ರಿಪೇರಿಗೆ ಬಂದ ಯಂತ್ರವನ್ನು ಅಂಗೈಯಲ್ಲಿ ತಟ್ಟಿ, ಕಣ್ಣು ಮುಚ್ಚಿ, ಅದರ ಆಯುಷ್ಯ ಮುಗಿಯಿತೆಂದು ಸಾರಿ, ಮಗ್ಗುಲಲ್ಲೇ ಹೊಸದೊಂದನ್ನು ತೋರಿಸುವುದು ಆತನ ಕ್ರಮ.

ಇವರಿಬ್ಬರ ನಡುವೆ ಆಸೀನಳಾದ ಧರ್ಮಪೀಠವೇ ವಾಚನಾಲಯದ ಅಧ್ಯಕ್ಷೆ ಗೌರಕ್ಕ ಹೊಂಬಳ, ನಿವೃತ್ತ ಮುಖ್ಯಾಧ್ಯಾಪಕಿ. ಇಬ್ಬರು ವೀರರಿಗೂ ಎರಡನೆಯ ಇಯತ್ತೆಯಲ್ಲಿ ಕಿವಿ ಹಿಂಡಿದವಳು. ಅವಳನ್ನು ಕಂಡರೆ ಇಬ್ಬರೂ ಇಂದಿಗೂ ಅಕ್ಕೋರ ಎಂದು ಎದ್ದು ನಿಲ್ಲುತ್ತಿದ್ದರು.

ಇನ್ನು ಉಳಿದವರು ದಾವಲಸಾಬ ನದಾಫ. ಇವರಿಗೆ ಬಿರುದುಗಳಿಲ್ಲ. ಮೂವತ್ತು ವರ್ಷ ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಪೇಪರ್ ಮಾರಿದವರು. ಮಾರುವ ಕಾಲದಲ್ಲಿ ಓದಲು ಪುರುಸೊತ್ತಿರಲಿಲ್ಲ, ಪುರುಸೊತ್ತು ಬಂದಾಗ ಕಣ್ಣು ಹೋಗಿತ್ತು. ದಿನಾ ಮಧ್ಯಾಹ್ನ ಊಟವಾದ ಮೇಲೆ ಕೋಲು ಊರುತ್ತ ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂಡುತ್ತಿದ್ದರು. ಅಲ್ಲಿನ ಓರ್ಬಿಝ್ ಕಂಪ್ಯೂಟರು ಅಂದಿನ ಪೇಪರನ್ನು ಗೊಗ್ಗರುದನಿಯಲ್ಲಿ ಕನ್ನಡದಲ್ಲೇ ಓದುತ್ತಿತ್ತು. ಇಷ್ಟೇ ಆ ಮನುಷ್ಯನ ಸುಖ.

ದಸರೆಗೆ ಮುಂಚೆ ಒಂದು ದಿನ ಆ ಸುಖಕ್ಕೆ ಕಲ್ಲು ಬಿತ್ತು. ಯಂತ್ರವನ್ನು ಹಚ್ಚಿದೊಡನೆ ಪರದೆಯ ಮೇಲೆ ಓರ್ಬಿಝ್ ಚಕ್ರವರ್ತಿಯ ರಾಜಶಾಸನವು ಪ್ರಕಟವಾಯಿತು. ನಿಮ್ಮ ಯಂತ್ರವು ಹಳೆಯದಾಗಿದೆ, ಇದಕ್ಕೆ ನಮ್ಮ ಬೆಂಬಲ ಕೊನೆಗೊಂಡಿದೆ, ಹೊಸ ಯಂತ್ರದೊಂದಿಗೆ ಹೊಸ ಅನುಭವವನ್ನು ಪಡೆಯಿರಿ. ಅಷ್ಟು ಹೇಳಿ ಓದುವ ತಂತ್ರಾಂಶವು ಬಾಯಿ ಮುಚ್ಚಿತು. ಯಂತ್ರದ ಒಳಗೆ ಒಂದು ತಂತಿ ಕಡಿದಿರಲಿಲ್ಲ, ಒಂದು ಗುಂಡಿ ಸವೆದಿರಲಿಲ್ಲ. ಗಟ್ಟಿಮುಟ್ಟಾಗಿರುವ ಎತ್ತನ್ನು ಮಾರಿದವನೇ ವರ್ಷಗಳ ಮೇಲೆ ಬಂದು ಇದು ಇನ್ನು ಉಳಬಾರದು ಎಂದು ಅಪ್ಪಣೆ ಮಾಡಿದರೆ ರೈತ ಅವನನ್ನು ಬಾರುಕೋಲಿನಿಂದ ಮಾತಾಡಿಸುತ್ತಾನೆ. ಕಂಪ್ಯೂಟರ್ ಕೊಂಡವರು ಮಾತ್ರ ಸರಿ ಸ್ವಾಮಿ ಎಂದು ಹೊಸದಕ್ಕೆ ಹೊರಡುತ್ತಾರೆ.

ಖಂಡೇಪೂಜೆಯ, ಅಂದರೆ ಆಯುಧಪೂಜೆಯ, ದಿನ ಬಂತು. ಗೌರಕ್ಕ ವಾಚನಾಲಯವನ್ನು ಗುಡಿಸಿ, ಪುಸ್ತಕದ ಕಪಾಟಿಗೂ ಗಡಿಯಾರಕ್ಕೂ ಕಂಪ್ಯೂಟರುಗಳಿಗೂ ವಿಭೂತಿ ಬಳಿದು, ದಾವಲಸಾಬರ ಯಂತ್ರದ ಎರಡು ಸ್ಪೀಕರು ಡಬ್ಬಿಗಳಿಗೆ ಚೆಂಡುಹೂವಿನ ದಪ್ಪ ಮಾಲೆ ಸುತ್ತಿದಳು. ಮೇಲೆ ಬಣ್ಣಬಣ್ಣದ ಮಿಣುಕು ದೀಪದ ಸರ ಇಳಿಬಿಟ್ಟಳು. ಸರಕ್ಕೆ ಕರೆಂಟು ಬೇಕಲ್ಲ? ಗೋಡೆಯ ಬೋರ್ಡಿನಲ್ಲಿ ತೂತು ಖಾಲಿ ಇರಲಿಲ್ಲ. ಅಲ್ಲಿದ್ದ ಒಂದು ಕರಿಯ ಪ್ಲಗ್ಗನ್ನು ಕಿತ್ತು ಪಕ್ಕಕ್ಕಿಟ್ಟು ದೀಪದ ಪ್ಲಗ್ಗು ತುರುಕಿದಳು. ದೀಪಗಳು ಕೆಂಪು, ಹಸಿರು, ಹಳದಿಯಾಗಿ ಕಣ್ಣು ಮಿಟುಕಿಸತೊಡಗಿದವು. ಬಳಿಕ ಅವಳು ಶಾಸನವಿತ್ತಳು:

"ಸೀಗಿ ಹುಣ್ಣಿಮಿ ತನಕ ಇನ್ನಾರ ದಿನ ಮಾಲಿ ಯಾರೂ ಮುಟ್ಟಂಗಿಲ್ಲ. ನಮ್ಮ ಮನಿ ಪದ್ಧತಿ ಅದು. ಮುಟ್ಟಿದ್ರ ನೋಡ್ರಿ ಮತ್ತ."

ಪಂಚಕಜ್ಜಾಯ ಹಂಚುವಾಗ ಯಂತ್ರದ ಮಾತು ಬಂತು. ಇಟಗಿಯು ವಾಚನಾಲಯದ ಹಳೆಯ ಯಂತ್ರಗಳನ್ನೆಲ್ಲ ಮೋಡಕಾ ಅಂಗಡಿಯ ಗುಜರಿಗೆ ಹಾಕಿ ಹೊಸ ಓರ್ಬಿಝ್ ಯಂತ್ರಗಳನ್ನು ತರಿಸುವುದೇ ಧರ್ಮವೆಂದನು. ಹೊಸದು ಕನ್ನಡ ಓದುತ್ತದೆಯೇ ಎಂದು ಗೌರಕ್ಕ ಕೇಳಿದಳು. ಸದ್ಯಕ್ಕೆ ಇಂಗ್ಲಿಷ್ ಓದುತ್ತದೆ, ಕನ್ನಡ ಮುಂದಿನ ಆವೃತ್ತಿಯಲ್ಲಿ ಬರುತ್ತದೆ ಎಂದನು. ಆಗ ಕಂಬಾಳಿಮಠವೀರನು ಎದ್ದು ನಿಂತು, ಬಲಗೈಯಲ್ಲಿ ಪೆನ್‌ಡ್ರೈವನ್ನು ಮೇಲೆತ್ತಿ, ಮೇಘಗಂಭೀರಧ್ವನಿಯಿಂದ ಇಂತು ನುಡಿದನು: "ಎಲವೋ ಸಾಮಂತಾಧಮ! ಯಾವ ಓರ್ಬಿಝ್ ತನ್ನ ಕಾರ್ಖಾನೆಯ ಸರ್ವರ್‌ಗಳನ್ನೆಲ್ಲ ಲಿನಕ್ಸಿನಿಂದ ನಡೆಸುತ್ತ, ನಮ್ಮ ಮೇಜಿನ ಯಂತ್ರಕ್ಕೆ ಮಾತ್ರ ಅದು ಪ್ರವೇಶಿಸದಂತೆ ಬೀಗ ಜಡಿದಿರುವುದೋ, ಆ ಓರ್ಬಿಝ್‌ನ ದುರ್ಗವನ್ನು ಭೇದಿಸಿ, ಸೀಗಿ ಹುಣ್ಣಿಮೆಯ ಚಂದ್ರನು ಉದಯಿಸುವ ಮೊದಲು ಈ ಯಂತ್ರದ ಬಾಯಿಂದಲೇ ದಾವಲಸಾಬರಿಗೆ ಪೇಪರನ್ನು ಓದಿಸದಿದ್ದರೆ, ನಾನು ಕೀಲಿಮಣೆಯನ್ನು ಮುಟ್ಟುವುದಿಲ್ಲ!"

ಇದು ಕವಿಯ ಪಾಠ. ಅಲ್ಲಿದ್ದವರು ಕೇಳಿದ್ದು ಇಷ್ಟು:

"ಏ ಇಟಗಿ, ಸುಮ್ನ ಕೂಡಪಾ. ಹುಣ್ಣಿಮಿ ಒಳಗ ನಾ ಓದಸ್ತೀನಿ. ಓದಸಲಿಲ್ಲಂದ್ರ ನನ್ನ ಹೆಸರು ತಗದ ಒಗೀರಿ."

"ಓದಸ್ರಿ, ಓದಸ್ರಿ ಸರ," ಎಂದನು ಇಟಗಿ. "ಕಂಪನಿಯವ್ರ ಮುಗೀತು ಅಂದಿದ್ದನ್ನ ನೀವ ಎಬ್ಬಸ್ತೀರಂದ್ರ, ಅದೂ ನೋಡೇಬಿಡೂಣು."

ಗೌರಕ್ಕ ತೀರ್ಪು ಕೊಟ್ಟಳು. ಹುಣ್ಣಿಮೆಯ ದಿನ ಮಾಲೆ ತೆಗೆಯುವ ಹೊತ್ತಿಗೆ ಯಂತ್ರ ಪೇಪರ್ ಓದಿದರೆ ಹಳೆಯವೆಲ್ಲ ಉಳಿಯತಕ್ಕದ್ದು, ಓದದಿದ್ದರೆ ಇಟಗಿಯ ಟಂಟಂ ಗಾಡಿಗೆ ಹೇರತಕ್ಕದ್ದು. ಮರುದಿನ ವಿಜಯದಶಮಿ. ಊರೆಲ್ಲ ಬನ್ನಿ ಹಂಚಿ ಬಂಗಾರದಂಗಿರೂಣು ಎಂದು ತಬ್ಬಿಕೊಳ್ಳುತ್ತಿದ್ದರೆ ಈ ಇಬ್ಬರು ಮಹನೀಯರು ಬನ್ನಿಯನ್ನು ಕಿಸೆಯಲ್ಲಿಟ್ಟುಕೊಂಡೇ ಎದುರುಬದರು ಹಾಯ್ದು ಹೋದರು.

ಯುದ್ಧ ಆರಂಭವಾಯಿತು. ಪ್ರಥಮಾಕ್ರಮಣದಲ್ಲೇ ದುರ್ಗದ್ವಾರವು ಮುಚ್ಚಿತ್ತು. ಪೆನ್‌ಡ್ರೈವನ್ನು ಚುಚ್ಚಿ ಯಂತ್ರವನ್ನು ಹಚ್ಚಿದರೆ, "ಅನಧಿಕೃತ ವ್ಯವಸ್ಥೆ; ನಿಮ್ಮ ಸುರಕ್ಷತೆಗಾಗಿ ತಡೆಯಲಾಗಿದೆ" ಎಂಬ ಕೆಂಪಕ್ಷರಗಳು ಮೂಡಿದವು. ಯಾರ ಸುರಕ್ಷತೆ? ಯಂತ್ರ ವಾಚನಾಲಯದ್ದು, ಕರೆಂಟು ವಾಚನಾಲಯದ್ದು, ಪೆನ್‌ಡ್ರೈವು ಕಂಬಾಳಿಮಠನದು. ಇದರಲ್ಲಿ ಯಾರಿಂದ ಯಾರನ್ನು ಕಾಯುತ್ತಿದ್ದಾರೆಂದು ಓರ್ಬಿಝ್ ಹೇಳಲಿಲ್ಲ. ಆ ಬೀಗವನ್ನು ತೆಗೆಯುವ ಆಯ್ಕೆ ಯಂತ್ರದ ಹೊಟ್ಟೆಯೊಳಗೇ ಇತ್ತು, ಆದರೆ ಅದಕ್ಕೆ ಪಾಸ್‌ವರ್ಡು ಬೇಕು. ಪಾಸ್‌ವರ್ಡು ಕಂಪನಿಯ ಬಳಿ. ಕಂಪನಿಯ ಬಳಿಗೆ ಹೋಗುವ ದಾರಿ ಸಹಾಯವಾಣಿ. ಮಾರುವ ದಿನ ಮಾತ್ರ ಆ ಯಂತ್ರದ ಡಬ್ಬಿಯ ಮೇಲೆ "ಆಯ್ಕೆ ನಿಮ್ಮದು" ಎಂದು ಮೊಳದುದ್ದದ ಅಕ್ಷರದಲ್ಲಿ ಅಚ್ಚಾಗಿತ್ತು. ಈ ಜನರಿಗೆ ನಾಚಿಕೆ ಎಂಬುದನ್ನು ಯಾರೂ ಮಾರಿಲ್ಲ.

ಸಹಾಯವಾಣಿಯು ಮೊದಲು ಸಂಗೀತವನ್ನು ಕೇಳಿಸಿತು. ನಿಮ್ಮ ಕರೆ ನಮಗೆ ಅಮೂಲ್ಯ ಎಂದಿತು. ಕನ್ನಡಕ್ಕಾಗಿ ಇದನ್ನು ಒತ್ತಿ, ಹೊಸ ಯಂತ್ರ ಕೊಳ್ಳಲು ಅದನ್ನು ಒತ್ತಿ ಎಂದಿತು. ಕಡೆಗೆ ಬೆಂಗಳೂರಿನ ಕಡೆಯ ಒಂದು ಹುಡುಗಿಯ ದನಿ ಬಂತು.

"ಹೇಳಿ ಸರ್, ನಿಮ್ಮ ಸಮಸ್ಯೆ ಏನು?"

"ನೋಡ್ರಿ ತಂಗಿ, ನಿಮ್ಮ ಮಶೀನಿಗೆ ಲಿನಕ್ಸ್ ಹಾಕಬೇಕು. ಬೂಟ್ ಲಾಕಿನ ಪಾಸ್‌ವರ್ಡ್ ಕೊಡ್ರಿ."

"ಸಾರಿ ಸರ್, ಅದು ನಮ್ಮ ಲಿಸ್ಟಲ್ಲಿ ಇಲ್ಲ. ಒಂದ್ಸಲ ಆಫ್ ಮಾಡಿ ಆನ್ ಮಾಡ್ತೀರಾ?"

"ಆಫ್ ಮಾಡಿ ಆನ್ ಮಾಡಿದ್ರ ನಿಮ್ಮ ಕಂಪನಿ ಬುದ್ಧಿ ಬದಲಾಗ್ತೈತೇನ್ರಿ?"

"ಅದು ನನಗೆ ಗೊತ್ತಿಲ್ಲ ಸರ್. ನಿಮ್ಮ ಕಂಪ್ಲೇಂಟ್ ತಗೊಂಡಿದೀನಿ. ಬೇರೆ ಏನಾದ್ರೂ ಸಹಾಯ ಬೇಕಾ?"

ವೀರನು ಫೋನಿಟ್ಟನು. ಆ ಹುಡುಗಿಯದೇನು ತಪ್ಪು. ಬರೆದುಕೊಟ್ಟದ್ದನ್ನು ಓದುವುದು ಆಕೆಯ ಕೆಲಸ. ಬರೆದುಕೊಟ್ಟವರು ಎಲ್ಲೋ ತಣ್ಣಗಿನ ಕೋಣೆಯಲ್ಲಿದ್ದರು. ಪಾಸ್‌ವರ್ಡು ಕೇಳುವವರ ಕೈಗೆ ಅವರು ಎಂದೂ ಸಿಗುವುದಿಲ್ಲ.

ಆಗ ಮಹಾವೀರನು ಸ್ಕ್ರೂಡ್ರೈವರೆಂಬ ದಿವ್ಯಾಸ್ತ್ರವನ್ನು ತೆಗೆದುಕೊಂಡು ಯಂತ್ರದ ಕವಚವನ್ನು ಬಿಚ್ಚಲು ಸನ್ನದ್ಧನಾದನು. ಕವಚದ ಕೂಡಿನ ಮೇಲೆ, ಈ ಮುದ್ರೆ ಹರಿದರೆ ವಾರಂಟಿ ಇಲ್ಲ ಎಂಬ ಬೆಳ್ಳಿಬಣ್ಣದ ಚೀಟಿ ಅಂಟಿತ್ತು. ಸುದ್ದಿ ಹೇಗೆ ಮುಟ್ಟಿತೋ, ಇಟಗಿ ಅಂಗಡಿ ಬಿಟ್ಟು ಓಡಿ ಬಂದನು.

"ಸರ, ಸೀಲ್ ಹರೀಬ್ಯಾಡ್ರಿ! ವಾರಂಟಿ ಹೋಗ್ತೈತಿ!"

"ವಾರಂಟಿ ಯಾವಾಗ ಮುಗೀತೋ ಮಾರಾಯ?"

"ಮುಗದ ಭಾಳ ವರ್ಷ ಆತ್ರಿ. ಆದ್ರೂ ಸೀಲ್ ಅಂದ್ರ ಸೀಲ್."

ಸತ್ತ ವಾರಂಟಿಯ ಮಾನ ಕಾಯಲು ನಿಂತ ಆ ಸಾಮಂತನ ಎದುರಿನಲ್ಲೇ ಚೀಟಿ ಹರಿಯಿತು. ಒಳಗೆ ರೂಪಾಯಿ ನಾಣ್ಯದಷ್ಟು ಅಗಲದ ಒಂದು ಬ್ಯಾಟರಿ ಇತ್ತು. ಅದನ್ನು ಕಿತ್ತು ಒಂದು ಕಪ್ ಚಹಾ ಕುಡಿಯುವಷ್ಟು ಹೊತ್ತು ಹೊರಗಿಟ್ಟು ಮತ್ತೆ ಹಾಕಿದಾಗ ಓರ್ಬಿಝ್‌ನ ದುರ್ಗವು ತನ್ನ ಪಾಸ್‌ವರ್ಡನ್ನೇ ಮರೆತಿತ್ತು. ಹೊಸ ಯಂತ್ರಗಳಲ್ಲಿ ಈ ದಾರಿಯನ್ನೂ ಮುಚ್ಚಿದ್ದಾರೆಂದು ಇಟಗಿಯು ಹೆಮ್ಮೆಯಿಂದ ಹೇಳಿದನು. ಅದನ್ನು ಹೆಮ್ಮೆಯಿಂದ ಹೇಳುವಂತೆ ಒಬ್ಬ ಮನುಷ್ಯನನ್ನು ಪಳಗಿಸಲು ಎಷ್ಟು ಟ್ರೇನಿಂಗ್ ಬೇಕೋ ನಾನರಿಯೆ.

ಬೀಗವನ್ನು ಕಳಚಿ ಲಿನಕ್ಸ್ ಹಾಕಿದ್ದಾಯಿತು. ಹಳೆಯ ಯಂತ್ರ ಚುರುಕಾಗಿ ಎದ್ದು ಕುಳಿತಿತು. ಕನ್ನಡ ಓದುವ ತಂತ್ರಾಂಶ ಹಾಕಿದ್ದಾಯಿತು. ಓರ್ಬಿಝ್ ತನ್ನ ಧ್ವನಿಯ ಚಿಪ್ಪಿನ ವಿವರವನ್ನು ಲಿನಕ್ಸ್ ಕಟ್ಟುವವರಿಗೆ ಎಂದೂ ಕೊಟ್ಟಿರಲಿಲ್ಲ; ಆದರೆ ಎಲ್ಲೋ ಕಾಣದ ದೇಶದ ಒಬ್ಬ ಪುಣ್ಯಾತ್ಮ, ಕತ್ತಲಲ್ಲಿ ತಡವಿದಂತೆ ವರ್ಷಗಟ್ಟಲೆ ತಡವಿ, ಆ ಚಿಪ್ಪಿನೊಡನೆ ಮಾತಾಡುವ ಡ್ರೈವರೆಂಬ ತಂತ್ರಾಂಶವನ್ನು ಬರೆದು ಲೋಕಕ್ಕೆ ಹಂಚಿದ್ದ. ಆತನಿಗೆ ನಮಸ್ಕಾರ. ಈ ಇಡೀ ಗಾಥೆಯಲ್ಲಿ ನಾನು ನಗದೆ ಕೈಮುಗಿಯುವುದು ಆತನೊಬ್ಬನಿಗೆ.

ಕಂಬಾಳಿಮಠನು ಪರೀಕ್ಷೆಗೆಂದು "ಸ್ವಾತಂತ್ರ್ಯವೇ ಮಾನವನ ಪರಮಧರ್ಮ" ಎಂದು ಟೈಪು ಮಾಡಿ, ಓದು ಎಂಬ ಗುಂಡಿಯನ್ನು ಒತ್ತಿದನು. ಪರದೆಯ ಮೇಲೆ ಧ್ವನಿಯ ಹಸಿರು ಪಟ್ಟಿಗಳು ಕುಣಿದವು. ಸದ್ದು ಬರಲಿಲ್ಲ.

ಕಿಟಕಿಯ ಪಕ್ಕದಲ್ಲಿ ದಾವಲಸಾಬರು ಕಿವಿಯನ್ನು ಆ ಕಡೆ ತಿರುಗಿಸಿ ಕೂತಿದ್ದರು. "ಇವತ್ತರ ಓದತೈತೇನ್ರಿ ಮಾಸ್ತರ?"

"ಇನ್ನೇನ ಆತು ಚಾಚಾ. ಸದ್ದೊಂದ ಬರವಲ್ದು."

ವೀರನು ಗುಂಡಿಗಳನ್ನೊತ್ತಿದನು. ಕಡತಗಳನ್ನು ತಿದ್ದಿದನು. ಯಂತ್ರವನ್ನು ಎಬ್ಬಿಸಿದನು, ಮಲಗಿಸಿದನು. ಹಸಿರು ಪಟ್ಟಿಗಳು ಕುಣಿಯುತ್ತಲೇ ಇದ್ದವು, ಸ್ಪೀಕರುಗಳು ಚೆಂಡುಹೂವಿನೊಳಗೆ ಮೌನವಾಗಿದ್ದವು, ತಲೆಯ ಮೇಲೆ ದೀಪದ ಸರವು ಕೆಂಪು ಹಸಿರು ಹಳದಿಯಾಗಿ ಕಣ್ಣು ಹೊಡೆಯುತ್ತಿತ್ತು. ಕಿವಿಗೆ ಹಾಕುವ ಹೆಡ್‌ಫೋನೊಂದನ್ನು ಚುಚ್ಚಿ ನೋಡಿದ್ದರೆ ಅರ್ಧ ಕಥೆ ಮುಗಿಯುತ್ತಿತ್ತು. ಅದು ಸಾಮಾನ್ಯರ ದಾರಿ. ನಮ್ಮ ನಾಯಕನಿಗೆ ಶತ್ರು ಎಷ್ಟು ದೊಡ್ಡವನೋ ಕಾರಣವೂ ಅಷ್ಟು ದೊಡ್ಡದಿರಬೇಕು. ಆದ್ದರಿಂದ ಆತನು ನಿರ್ಧರಿಸಿದನು, ಇದು ಓರ್ಬಿಝ್‌ನ ಮಾಯಾಯುದ್ಧ. ಪರಕೀಯ ವ್ಯವಸ್ಥೆ ಹೊಕ್ಕೊಡನೆ ಧ್ವನಿಯನ್ನು ಕತ್ತು ಹಿಸುಕಿ ಕೊಲ್ಲುವ ಒಂದು ಗುಪ್ತಯಂತ್ರವನ್ನು ಅವರು ಚಿಪ್ಪಿನೊಳಗೇ ಹುದುಗಿಸಿದ್ದಾರೆ.

ಮತ್ತೆ ಸಹಾಯವಾಣಿ, ಮತ್ತೆ ಸಂಗೀತ, ಮತ್ತೆ ಅದೇ ಹುಡುಗಿ.

"ಸರ್, ಸ್ಪೀಕರ್ ಪ್ಲಗ್ ಸರಿಯಾಗಿ ಹಾಕಿದೀರಾ ಅಂತ ಒಂದ್ಸಲ ಚೆಕ್ ಮಾಡ್ತೀರಾ?"

ಕಂಬಾಳಿಮಠನ ಮುಖವು ದಾಸವಾಳದ ಹೂವಾಯಿತು. "ನಾ ಫಿಸಿಕ್ಸ್ ಕಲಸಾಂವ್ರಿ! ನನಗ ಪ್ಲಗ್ ಚೆಕ್ ಮಾಡು ಅಂತೀರಿ? ನಿಮ್ಮ ಕಂಪನಿ ಮಾಡಿದ ಮೋಸ ಮುಚ್ಚಾಕ ಪ್ಲಗ್ಗಿನ ಕಥಿ ಹೇಳ್ತೀರಿ?" ಎಂದು ಗರ್ಜಿಸಿ ಫೋನನ್ನು ಕುಕ್ಕಿದನು. ಪ್ಲಗ್ಗು ಬೋರ್ಡಿನ ಪಕ್ಕದಲ್ಲಿ, ಮಾಲೆಯ ಕೆಳಗೆ, ಉದುರಿದ ಹೂವಿನ ಎಸಳುಗಳ ನಡುವೆ ಹಾಯಾಗಿ ಮಲಗಿತ್ತು. ಮಾಲೆಯನ್ನು ಸರಿಸಿದ್ದರೆ ಕಾಣುತ್ತಿತ್ತು. ಮೂಢನಂಬಿಕೆಗಳ ಮೇಲೆ ಭಾಷಣ ಮಾಡುವುದರಲ್ಲಿ ಕಂಬಾಳಿಮಠನು ಜಿಲ್ಲೆಗೇ ಹೆಸರಾದವನು, ನಿಜ. ಆದರೆ ಮಾಲೆ ಮುಟ್ಟಿದರೆ ಅಕ್ಕೋರು ಬೈಯುತ್ತಾರೆ.

ದಿನಗಳು ಉರುಳಿದವು. ಕಾಲೇಜು ಮುಗಿದೊಡನೆ ವೀರನು ರಣಾಂಗಣಕ್ಕೆ ಬರುವನು, ಇಟಗಿಯು ಅಣಕಿಸಲು ಬರುವನು, ದಾವಲಸಾಬರು ಪೇಪರಿಗೆ ಬರುವರು. ಪರೀಕ್ಷೆಯ ವಾಕ್ಯವೂ ಸೇನಾನಿಯ ಮನಸ್ಸಿನೊಡನೆ ಮೆಲ್ಲಗೆ ಇಳಿಯತೊಡಗಿತು. ಸ್ವಾತಂತ್ರ್ಯವೇ ಪರಮಧರ್ಮ ಎಂದಿದ್ದದ್ದು ಮರುದಿನ "ಓರ್ಬಿಝ್ ಲೋಕಕಂಟಕ" ಎಂದಾಯಿತು. ಆಮೇಲೆ "ಓರ್ಬಿಝ್ ಕಳ್ಳರು" ಎಂದಾಯಿತು. ಆ ಹೊತ್ತಿಗೆ ಇಟಗಿಯು, "ಓಸಿ ಸಾಫ್ಟ್‌ವೇರ್ ಹಾಕಿದ್ರ ಓಸಿ ಸದ್ದ ಬರ್ತೈತ್ರಿ ಸರ, ಕೇಳಸಾಂಗಿಲ್ಲ" ಎಂದು ಹಲ್ಲು ಕಿಸಿದ್ದರಿಂದ ವಾಕ್ಯವು ಇನ್ನೊಂದು ಮೆಟ್ಟಿಲು ಇಳಿಯಿತು. ಅದನ್ನು ಆಮೇಲೆ ಹೇಳುತ್ತೇನೆ.

ಒಂದು ಮಧ್ಯಾಹ್ನ ದಾವಲಸಾಬರು ಕೋಲನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದರು. ಆ ದಿನದ ಪೇಪರು ಅವರ ಎದುರಿನ ಮೇಜಿನ ಮೇಲೇ ಇತ್ತು. ಹೊಸ ಕಾಗದದ ವಾಸನೆ ಅವರ ಮೂಗಿಗೆ ಹತ್ತುತ್ತಿತ್ತು. ಮೂವತ್ತು ವರ್ಷದ ಪರಿಚಯ. ಅದನ್ನು ಕೈಯಲ್ಲಿ ಸವರಿ, ಮಡಿಕೆ ನೋಡಿ, ಮೆತ್ತಗೆ ಕೇಳಿದರು:

"ಮಾಸ್ತರ, ನಿಮಗ ಕಣ್ಣ ಅದಾವಲ್ಲ. ನೀವ ಒಂದೀಟ ಓದ್ರೆಲ್ಲ?"

ಕಂಬಾಳಿಮಠನು ತಿರುಗಿ ನೋಡಿದನು. ನೊಂದುಕೊಂಡನು. "ಚಾಚಾ, ನಾ ಓದಬಹುದು. ಆದ್ರ ಇದು ತತ್ವದ ಪ್ರಶ್ನೆ ಐತಿ. ನಾ ಓದಿದ್ರ ಓರ್ಬಿಝ್ ಗೆದ್ದಂಗಾತಲ್ಲ?"

ದಾವಲಸಾಬರು ಇಟಗಿಯಿದ್ದ ಕಡೆ ಮುಖ ತಿರುಗಿಸಿದರು. "ನೀವರ ಓದ್ರಿ ಸಾವಕಾರ."

"ನಾ ಓದಿದ್ರ ಸರ ಗೆದ್ದಂಗಾಗ್ತೈತ್ರಿ ಚಾಚಾ," ಎಂದನು ಇಟಗಿ. "ಹುಣ್ಣಿಮಿ ಆಗವಲ್ದ್ಯಾಕ, ಹೊಸಾ ಮಶೀನ ತರಸ್ತೀನಿ."

ಹೀಗೆ ಒಬ್ಬ ಕುರುಡನ ಹಿತಕ್ಕಾಗಿ ಹೋರಾಡುತ್ತಿದ್ದ ಇಬ್ಬರು ಅಕ್ಷರಸ್ಥರು, ಆ ಕುರುಡನ ಮುಂದೆ ಬಿದ್ದಿದ್ದ ಪೇಪರನ್ನು ಮುಟ್ಟದೆ ಮನೆಗೆ ಹೋದರು. ದಾವಲಸಾಬರು ಅದನ್ನು ಮಡಿಚಿ ಕಪಾಟಿನ ಮೇಲೆ ಹಿಂದಿನ ದಿನದ್ದರ ಮೇಲಿಟ್ಟರು. ಓರ್ಬಿಝ್ ಆ ಮನುಷ್ಯನಿಂದ ಒಂದು ಯಂತ್ರವನ್ನು ಕಸಿದುಕೊಂಡಿತ್ತು. ಇವರು ಅದಕ್ಕಿಂತ ಹೆಚ್ಚಿನದನ್ನು ಕಸಿದುಕೊಂಡರೆಂದು ನನ್ನ ಖಚಿತ ಅಭಿಪ್ರಾಯ, ಹೇಳಿಬಿಟ್ಟೆ.

ಸೀಗಿ ಹುಣ್ಣಿಮೆ ಬಂತು. ಬೆಳಿಗ್ಗೆ ಕಾಲೇಜಿಗೆ ಹೋಗುವ ಮುನ್ನ ವೀರನು ಕಡೆಯ ವ್ಯೂಹವನ್ನು ರಚಿಸಿದನು. ಓದುವ ತಂತ್ರಾಂಶವು ಪರೀಕ್ಷೆಯ ವಾಕ್ಯವನ್ನು ಬಿಡದೆ ಮತ್ತೆ ಮತ್ತೆ ಓದುತ್ತಿರುವಂತೆ ಮಾಡಿ, ಸದ್ದಿನ ಮಟ್ಟವನ್ನು ತುಟ್ಟತುದಿಗೆ ಏರಿಸಿ, ಪರದೆಯನ್ನು ಆರಿಸಿ ಹೋದನು. ಸದ್ದು ಯಾವ ಗಳಿಗೆಯಲ್ಲಿ ಬಂದರೂ ಗೊತ್ತಾಗಬೇಕು ಎಂಬುದು ಆತನ ಯುದ್ಧತಂತ್ರ. ದಿನವಿಡೀ ಆ ಯಂತ್ರವು ಚೆಂಡುಹೂವಿನ ನಡುವೆ ಮೂಕವಾಗಿ ಒಂದೇ ಮಾತನ್ನು ಜಪಿಸುತ್ತಿತ್ತು.

ಅಪರಾಹ್ನ ಎಲ್ಲರೂ ನೆರೆದರು. ಬಾಗಿಲಲ್ಲಿ ಇಟಗಿಯ ಟಂಟಂ ಗಾಡಿ ನಿಂತಿತ್ತು. ದಾವಲಸಾಬರು ಕುರ್ಚಿಯಲ್ಲಿ ಕೂತಿದ್ದರು. ಹೊಲಕ್ಕೆ ಹೋಗಿ ಭೂತಾಯಿಗೆ ಚರಗದ ಎಡೆ ಚೆಲ್ಲಿ ಬಂದ ಗೌರಕ್ಕ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಾಲೆಗಳನ್ನು ತೆಗೆಯತೊಡಗಿದಳು. ಅತ್ತ ವೀರರಿಬ್ಬರೂ ಅಂತಿಮ ವಾಗ್ಯುದ್ಧಕ್ಕೆ ಇಳಿದರು.

"ಕೇಳೆಲೈ ಇಟಗೀಕುಲಸಂಭೂತನೇ," ಎಂದನು ಕಂಬಾಳಿಮಠ, ಅಂದರೆ ಆತನ ಧಾಟಿ ಹಾಗಿತ್ತು, "ನಿಮ್ಮ ಕಂಪನಿ ಮಶೀನ್ ಮಾರಾಂಗಿಲ್ಲೋ, ಬಾಡಗಿಗೆ ಕೊಡತೈತಿ! ರೊಕ್ಕ ಪೂರಾ ಇಸ್ಕೊಂಡ ಬಾಡಗಿಗೆ ಕೊಡತೈತಿ! ಇದರೊಳಗ ಸದ್ದ ಬರದಂಗ ಏನೋ ಇಟ್ಟಾರ. ಅದನ್ನ ಹುಡುಕಿ ಇಡೀ ದೇಶಕ್ಕ ತೋರಸ್ತೀನಿ!"

"ಏನೂ ಇಟ್ಟಿಲ್ರಿ ಸರ! ಕಂಪನಿಯವ್ರ ಮುಂದಾಲೋಚನಿ ಅದು. ಹಳೇದು ಸತ್ರ ಹೊಸಾದು ಹುಟ್ಟತೈತಿ. ನೀವ ಹೆಣಕ್ಕ ಸಲಾಯಿನ್ ಹಚ್ಚಾಕತ್ತೀರಿ!"

"ಹೆಣ ಅಂತೀಯಾ? ನಿನ್ನ ಅಂಗಡ್ಯಾಗಿರೂವ ಹೆಣ! ಕನ್ನಡ ಬರದ ಹೆಣ!"

"ಸರ, ಮಾತ ನೆಟ್ಟಗಿರಲಿ. ಒಬ್ಬ ಸುಶಿಕ್ಷಿತ ಮನಷ್ಯಾ ನೀವು. ನಾ ಒಂದ ದಿವಸರ ನಿಮಗ ಕೆಟ್ಟ ಮಾತ ಆಡೇನೇನು?"

"ನಾ ಆಡೇನೇನು? ನನ್ನ ಜಗಳ ತತ್ವದ ಜಗಳ. ವ್ಯಕ್ತಿ ಮ್ಯಾಲ ನಾ ಎಂದೂ ಹೋದಾಂವಲ್ಲ!"

ಈ ಮಹಾವಾಕ್ಯವು ಅವನ ಬಾಯಿಂದ ಹೊರಬಿದ್ದ ಹೊತ್ತಿಗೆ ಸರಿಯಾಗಿ, ಗೌರಕ್ಕ ದೀಪದ ಸರದ ಪ್ಲಗ್ಗನ್ನು ಬೋರ್ಡಿನಿಂದ ಕಿತ್ತು ಸುತ್ತಿಟ್ಟಳು. ಎಸಳುಗಳ ನಡುವೆ ಬಿದ್ದಿದ್ದ ಕರಿಯ ಪ್ಲಗ್ಗು ಕಣ್ಣಿಗೆ ಬಿತ್ತು. ಅಂದು ತಾನೇ ಕಿತ್ತದ್ದೆಂಬ ನೆನಪಾಗಿ, ಇದ್ದದ್ದು ಇದ್ದಲ್ಲಿರಲಿ ಎಂದು ಅದನ್ನು ಮೊದಲಿನ ತೂತಿಗೆ ತುರುಕಿದಳು.

ಸ್ಪೀಕರುಗಳು ಒಮ್ಮೆ ಗುರ್ ಎಂದವು. ಮರುಕ್ಷಣ, ಅಕ್ಷರಕ್ಷರವನ್ನೂ ಬಿಡಿಸಿ ಉಚ್ಚರಿಸುವ ಆ ಗೊಗ್ಗರುದನಿಯು ಕಿಟಕಿಯ ಗಾಜು ಅದುರುವಂತೆ, ಮುಳಗುಂದ ನಾಕೆಯ ಚಹಾದಂಗಡಿಗೂ ಮುಟ್ಟುವಂತೆ, ಸಾರಿತು:

"ಇಟಗಿ ಮಹಾರುದ್ರಪ್ಪ ಶುದ್ಧ ಕತ್ತೆ. ಇಟಗಿ ಮಹಾರುದ್ರಪ್ಪ ಶುದ್ಧ ಕತ್ತೆ. ಇಟಗಿ ಮಹಾರುದ್ರಪ್ಪ..."

ಕಂಬಾಳಿಮಠನು ಯಂತ್ರದ ಮೇಲೆ ಹಾರಿ ಬಿದ್ದನು. ಗಾಬರಿಯಲ್ಲಿ ಯಾವ ಗುಂಡಿ ಒತ್ತಬೇಕೋ ತಿಳಿಯದೆ ಎಲ್ಲವನ್ನೂ ಒತ್ತಿದನು. ಇಟಗಿಯನ್ನು ಯಂತ್ರವು ಮತ್ತೂ ನಾಲ್ಕಾರು ಸಲ ಕತ್ತೆಯೆಂದು ಕರೆದ ಮೇಲೆ ಸುಮ್ಮನಾಯಿತು. ಹೊರಗೆ ಟಂಟಂ ಗಾಡಿಯ ಡ್ರೈವರು ಕೆಮ್ಮಿದಂತೆ ಮಾಡಿ ನಕ್ಕನು.

ಆಗ ದಾವಲಸಾಬರು ಕಿಟಕಿಯ ಕಡೆಯಿಂದ ಹೇಳಿದರು: "ಇದು ಹಳೇ ಸುದ್ದಿ ಆತ್ರಿ ಮಾಸ್ತರ. ಇವತ್ತಿಂದು ಓದಸ್ರಿ."

ಮೊದಲು ನಕ್ಕವಳು ಗೌರಕ್ಕ. ಆಮೇಲೆ, ಬಹಳ ಕಷ್ಟಪಟ್ಟು ತಡೆದುಕೊಂಡಿದ್ದ ಇಟಗಿಯೂ ನಕ್ಕನು. ತನ್ನನ್ನು ಬೈದದ್ದಾದರೂ ಕನ್ನಡ ಸ್ಪಷ್ಟವಾಗಿದೆ ಎಂದು ಒಪ್ಪಿಕೊಂಡನು. ಕಂಬಾಳಿಮಠನು ಮಾತ್ರ ನೆಲ ನೋಡುತ್ತಿದ್ದನು. ಆತನ ಎಡಗೈ ತಾನಾಗಿ ಪ್ಲಗ್ಗಿನ ತಂತಿಯನ್ನು ಹಿಡಿದು ಬೋರ್ಡಿನಿಂದ ಸ್ಪೀಕರಿನವರೆಗೆ, ಸ್ಪೀಕರಿನಿಂದ ಬೋರ್ಡಿನವರೆಗೆ ಸವರುತ್ತಿತ್ತು. ಆಗಲೇ ಕಿಸೆಯಲ್ಲಿ ಫೋನು ಗುಂಯ್‌ಗುಟ್ಟಿತು. ಓರ್ಬಿಝ್‌ನ ಸಂದೇಶ: ಪ್ರಿಯ ಗ್ರಾಹಕರೇ, ಪ್ಲಗ್ ಪರೀಕ್ಷಿಸುವಂತೆ ಸೂಚಿಸಿ ನಿಮ್ಮ ದೂರನ್ನು ಯಶಸ್ವಿಯಾಗಿ ಮುಕ್ತಾಯಗೊಳಿಸಲಾಗಿದೆ, ನಮ್ಮ ಬೆಂಬಲ ನಿಮಗೆ ಹೇಗನಿಸಿತು? ಬೀಗ ಜಡಿದು, ವಿವರ ಬಚ್ಚಿಟ್ಟು, ಯಂತ್ರ ಸತ್ತಿತೆಂದು ಸಾರಿದ ಆ ಮಹಾಸಂಸ್ಥಾನಕ್ಕೆ ಈ ಒಂದು ಸಲ ಆಕಸ್ಮಿಕವಾಗಿ ಸತ್ಯ ಹೊಳೆದಿತ್ತು. ಅದಕ್ಕಿಂತ ದೊಡ್ಡ ಅವಮಾನವನ್ನು ನಮ್ಮ ನಾಯಕನು ಜನ್ಮದಲ್ಲಿ ಉಂಡಿರಲಿಲ್ಲ.

ಯಂತ್ರವು ಅಂದಿನ ಪೇಪರನ್ನು ಇಂಟರ್ನೆಟ್ಟಿನಿಂದ ತರಿಸಿ ಓದಿತು. ಹಳೆಯ ಕಂಪ್ಯೂಟರುಗಳು ಉಳಿದವು. ಟಂಟಂ ಖಾಲಿ ಹೋಯಿತು. ದಾವಲಸಾಬರು ಕಣ್ಣು ಮುಚ್ಚಿ, ಗದ್ದವನ್ನು ಕೋಲಿನ ಮೇಲಿಟ್ಟು ಕಡೆಯ ಪುಟದವರೆಗೂ ಕೇಳಿದರು. ಮುಗಿದ ಮೇಲೆ ಎದ್ದು, ಕಪಾಟಿನ ಮೇಲೆ ತಡವಿ, ಯಂತ್ರವು ಬಾಯಿ ಮುಚ್ಚಿದಂದಿನಿಂದ ಓದದೆ ಉಳಿದಿದ್ದ ಪೇಪರುಗಳ ಕಟ್ಟನ್ನು ತಂದು ಮೇಜಿನ ಮೇಲಿಟ್ಟರು.

"ಇವನ್ನ ಯಾರ ಓದತೀರಿ?"

"ಚಾಚಾ, ಹಳೇವು ಅವು," ಎಂದನು ಇಟಗಿ.

"ನಾ ಕೇಳಿಲ್ಲಲ್ರಿ. ನನಗ ಹೊಸಾವ."

ಗೌರಕ್ಕ ಎರಡನೆಯ ಇಯತ್ತೆಯಲ್ಲಿ ನೋಡುತ್ತಿದ್ದ ಹಾಗೆ ಇಬ್ಬರನ್ನೂ ಒಮ್ಮೆ ನೋಡಿದಳು. ಮುಕ್ತತಂತ್ರಾಂಶಧ್ವಜಧಾರಿಯೂ ಓರ್ಬಿಝ್‌ಮಹಾಸಂಸ್ಥಾನದ ಜಿಲ್ಲಾಸಾಮಂತನೂ ಬೆಂಚಿನ ಮೇಲೆ ಒತ್ತೊತ್ತಾಗಿ ಕೂತರು. ವಾರವಿಡೀ ಕಿಸೆಯಲ್ಲೇ ಬಾಡಿದ್ದ ಬನ್ನಿಯ ಎಲೆಗಳು, ಕನ್ನಡಕ ತೆಗೆಯುವಾಗ ಕಂಬಾಳಿಮಠನ ಕಿಸೆಯಿಂದ ಮೇಜಿನ ಮೇಲೆ ಉದುರಿದವು. ಇಟಗಿ ಅವನ್ನು ಬಾಚಿ ತನ್ನ ಕಿಸೆಗೆ ಹಾಕಿಕೊಂಡನು.

ಇಂತು ಈ ವೀರಗಾಥೆಯನ್ನು ಭಕ್ತಿಯಿಂದ ಕೇಳಿದವರಿಗೆ ಕಂಪನಿಗಳ ಕಾಟ ತಪ್ಪುವುದಿಲ್ಲ, ಬೀಗಗಳು ತೆರೆಯುವುದಿಲ್ಲ, ಸಹಾಯವಾಣಿಯಲ್ಲಿ ಸಂಗೀತವೂ ನಿಲ್ಲುವುದಿಲ್ಲ. ಪ್ಲಗ್ಗು ನೋಡುವ ಬುದ್ಧಿ ಬಂದರೆ ಅದೇ ಫಲ. ಆರು ದಿನ ಮುಳಗುಂದ ನಾಕೆಯನ್ನೇ ನಡುಗಿಸಿದ ಕಂಠದಿಂದ ಕಂಬಾಳಿಮಠನು ಮೊದಲ ಪೇಪರನ್ನು ಬಿಡಿಸಿ, ಗದಗ ಮಾರುಕಟ್ಟೆಯ ಉಳ್ಳಾಗಡ್ಡಿ ಧಾರಣೆಯನ್ನು ಗೊಣಗುತ್ತ ಓದತೊಡಗಿದನು.

ದಾವಲಸಾಬರು ಕಿವಿಗೆ ಕೈ ಹಿಡಿದರು.

"ಗಟ್ಟ್ಯಾಗಿ ಓದ್ರಿ ಮಾಸ್ತರ. ಸದ್ದ ಬರವಲ್ದು."